ನೀಲಿ ದಾರದ ರಿಜಿಸ್ಟರು

ಫೆಬ್ರವರಿ 3

ಪುಟ್ಟಾ,

ಡಿಪೋ ಮ್ಯಾನೇಜರ್ ಸಾಹೇಬರನ್ನು ಇನ್ನೂ ಪುಟ್ಟಾ ಅಂತ ಕರೆಯಬಹುದೋ ಇಲ್ಲವೋ, ನಿನ್ನ ಕಚೇರಿಯಲ್ಲಿ ವಿಚಾರಿಸಿ ತಿಳಿಸು. ನಲವತ್ತೆರಡು ಬಸ್ಸು, ನೂರಕ್ಕೂ ಹೆಚ್ಚು ಜನ ನಿನ್ನ ಕೈಕೆಳಗೆ ಅಂತ ನಿನ್ನ ಹೆಂಡತಿ ಹೇಳಿದಳು. ಚಪ್ಪಲಿಯನ್ನು ಎಡಗಾಲಿಗೆ ಯಾವುದು, ಬಲಗಾಲಿಗೆ ಯಾವುದು ಅಂತ ನನ್ನನ್ನು ಕೇಳಿ ಹಾಕಿಕೊಳ್ಳುತ್ತಿದ್ದವನು! ನಕ್ಕೂ ನಕ್ಕೂ ಸಾಕಾಯಿತು. ಆಮೇಲೆ ಒಬ್ಬಳೇ ಕೂತು ಸ್ವಲ್ಪ ಅತ್ತೆ, ಖುಷಿಗೆ.

ಫೋನಿನಲ್ಲಿ ನೀನು 'ಹೂಂ' ಬಿಟ್ಟು ಬೇರೆ ಮಾತಾಡುವುದಿಲ್ಲ. ಕಾಗದದಲ್ಲಾದರೆ ಬಾಯಿ ಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಕೂಸು ಮಗುಚಿಕೊಳ್ಳಲು ಕಲಿತಳಂತೆ. ಮಂಚದ ಮೇಲೆ ಒಬ್ಬಳನ್ನೇ ಬಿಟ್ಟು ಹೋಗಬೇಡಿ.

ನನ್ನದೇನೂ ವಿಶೇಷವಿಲ್ಲ. ದಾಖಲೆ ಕಚೇರಿ ಇದ್ದಲ್ಲೇ ಇದೆ, ನಾನೂ ಇದ್ದಲ್ಲೇ ಇದ್ದೇನೆ. ಕಚೇರಿಯಲ್ಲಿ ನನಗೆ ಸೂಜಿ ಹಿಡಿಯಲು ಕಲಿಸಿದ ಮೇಷ್ಟ್ರು ನಿನ್ನನ್ನು ಕೇಳಿದರು. ಹೊಸ ನಿರ್ದೇಶಕರು ಬಂದಿದ್ದಾರೆ, ಭಾರೀ ಚುರುಕು. ಒಂದೇ ಬದಲಾವಣೆ ಅಂದರೆ, ನಾನೀಗ ರಿಜಿಸ್ಟರು ಕಟ್ಟುವ ಹೊಲಿಗೆ ಮೇಜಿನಲ್ಲಿಲ್ಲ. ಲೇಬಲ್ ಮೇಜಿಗೆ ಹಾಕಿದ್ದಾರೆ. ಬೇರೆಯವರು ಕಟ್ಟಿದ ರಿಜಿಸ್ಟರಿನ ಬೆನ್ನಿಗೆ ನಂಬರಿನ ಚೀಟಿ ಅಂಟಿಸುವುದು. ಕಿಟಕಿ ಪಕ್ಕ, ಒಳ್ಳೆ ಗಾಳಿ ಬರುತ್ತದೆ.

ನಿನ್ನ ಅಕ್ಕ


ಫೆಬ್ರವರಿ 14

ಅಕ್ಕಾ,

ಲೇಬಲ್ ಮೇಜಿನ ಸುದ್ದಿ ಓದಿ ಸಮಾಧಾನವಾಯಿತು. ಇಪ್ಪತ್ತೊಂದು ವರ್ಷ ಬೆನ್ನು ಬಗ್ಗಿಸಿ ಹೊಲಿದದ್ದು ಸಾಕು. ನಿನ್ನ ವಯಸ್ಸು, ಸರ್ವಿಸು ನೋಡಿ ಕೂತು ಮಾಡುವ ಹಗುರ ಕೆಲಸ ಕೊಟ್ಟಿದ್ದಾರೆ ಅಂದರೆ ನಿಮ್ಮ ನಿರ್ದೇಶಕರು ತಿಳಿದವರೇ ಇರಬೇಕು. ನನ್ನ ಪರವಾಗಿ ಒಂದು ನಮಸ್ಕಾರ ಹೇಳು.

ನನಗಂತೂ ಉಸಿರಾಡಲು ಪುರುಸೊತ್ತಿಲ್ಲ. ಬಂದ ಮೊದಲ ವಾರದಲ್ಲೇ ಮಾರ್ಕೆಟ್ ಗೇಟಿನ ಎದುರು ಹೊಸ ಸ್ಟಾಪ್ ಮಾಡಿಸಿದೆ. ಹತ್ತು ವರ್ಷದಿಂದ ಜನ ಕೇಳುತ್ತಿದ್ದರಂತೆ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಈಗ ಎಲ್ಲರೂ ನನ್ನನ್ನು ಹೊಗಳುವವರೇ.

ಇನ್ನೊಂದು ಹೇಳುತ್ತೇನೆ, ನಿನ್ನ ತಮ್ಮ ಎಷ್ಟು ಗಟ್ಟಿ ಅಂತ ಗೊತ್ತಾಗಲಿ. ಆರನೇ ನಂಬರ್ ರೂಟಿನಲ್ಲಿ ಒಬ್ಬ ಡ್ರೈವರ್ ಇದ್ದಾನೆ. ಹದಿನೇಳು ವರ್ಷ ಒಂದೇ ರೂಟು. ಜನ ಅವನಿಗೆ 'ಗಡಿಯಾರ' ಅಂತ ಹೆಸರಿಟ್ಟಿದ್ದಾರೆ, ಅವನ ಬಸ್ಸು ನೋಡಿ ಅಂಗಡಿ ತೆಗೆಯುತ್ತಾರಂತೆ. ಆದರೆ ಜನವರಿಯಿಂದ ದಿನಾ ನಾಲ್ಕು ನಿಮಿಷ, ಐದು ನಿಮಿಷ ತಡ. ಮೂರು ದೂರು ಬಂತು. ಹಳಬ ಅಂತ ತಲೆ ಮೇಲೆ ಕೂರಿಸಿಕೊಳ್ಳುವುದಕ್ಕೆ ಆಗುತ್ತದೆಯೇ? ಒಂದೇ ದಿನದಲ್ಲಿ ತೀರ್ಮಾನ ಮಾಡಿ ರೂಟಿನಿಂದ ತೆಗೆದೆ. ಈಗ ಶೆಡ್ಡಿನಲ್ಲಿದ್ದಾನೆ, ಬಸ್ಸುಗಳನ್ನು ತೊಳೆಯುವ ಜಾಗಕ್ಕೆ ತಂದು ನಿಲ್ಲಿಸುವ ಕೆಲಸ. ಡಿಪೋ ಪೂರ್ತಿ ತೆಪ್ಪಗಾಗಿದೆ.

ಕೂಸು ನಿನ್ನ ಫೋಟೋ ನೋಡಿ ನಗುತ್ತಾಳೆ. ಯಾರ ಫೋಟೋ ನೋಡಿದರೂ ನಗುತ್ತಾಳೆ, ಅದು ಬೇರೆ ಮಾತು.

ನಿನ್ನ ಪುಟ್ಟ


ಫೆಬ್ರವರಿ 24

ಪುಟ್ಟಾ,

ನಿನ್ನ ಕಾಗದಕ್ಕೆ ಎರಡು ಸಲ ಉತ್ತರ ಬರೆದು ಹರಿದು ಹಾಕಿದೆ. ಇದು ಮೂರನೆಯದು, ಇದನ್ನು ಹರಿಯುವುದಿಲ್ಲ.

ಮೊದಲು ಒಂದು ಪ್ರಶ್ನೆ. ಆ ಡ್ರೈವರನ್ನು ಕರೆದು, "ಯಾಕಪ್ಪಾ ತಡ ಆಗ್ತಿದೆ?" ಅಂತ ಕೇಳಿದೆಯಾ? ನಿನ್ನ ಕಾಗದದಲ್ಲಿ ದೂರು ಇದೆ, ತೀರ್ಮಾನ ಇದೆ. ಅವರ ಬಾಯಿಂದ ಬಂದ ಒಂದು ಮಾತೂ ಇಲ್ಲ. ನೀನು ಬರೆಯಲು ಮರೆತಿರಬಹುದು ಅಂದುಕೊಂಡೆ.

ಈಗ ನನ್ನ ಸಂಗತಿ. ಕಿಟಕಿ, ಗಾಳಿ ಅಂತೆಲ್ಲ ಬರೆದದ್ದು ನಾನೇ. ತಪ್ಪು ನನ್ನದೇ. ನನ್ನನ್ನು ಲೇಬಲ್ ಮೇಜಿಗೆ ಹಾಕಿದ್ದು ಶಿಕ್ಷೆಗೆ.

ನಮ್ಮ ವಿಭಾಗದಲ್ಲಿ ಆರು ಜನ, ಆರು ಬಣ್ಣದ ದಾರ. ರಿಜಿಸ್ಟರಿನ ಬೆನ್ನಿನ ತುದಿಯಲ್ಲಿ ಕಾಣುವ ಎರಡು ಎಳೆ ನೋಡಿದರೆ ಕಟ್ಟಿದವರು ಯಾರು ಅಂತ ಗೊತ್ತಾಗುತ್ತದೆ. ನನ್ನದು ನೀಲಿ. ಜನವರಿಯಲ್ಲಿ ಒಬ್ಬ ಹೆಂಗಸು ತನ್ನ ಜನನ ದಾಖಲೆ ಕೇಳಿಕೊಂಡು ಬಂದಳು. ಆ ಪುಟ ಇರಬೇಕಾದ ಜಾಗದಲ್ಲಿ ಇಲ್ಲ. 'ನೀನು ಹುಟ್ಟಿದ ದಾಖಲೆಯೇ ಇಲ್ಲ' ಅಂತ ಕಳಿಸಿಬಿಟ್ಟರು. ಮೂರು ಸಲ ಅಲೆದಳು ಪಾಪ. ಹದಿನಾರು ಪುಟದ ಒಂದೊಂದು ಕಟ್ಟಿಗೆ ನಾವು ಫಾರಂ ಅನ್ನುತ್ತೇವೆ. ಕೊನೆಗೆ ನೋಡಿದರೆ, ಆರನೇ ಫಾರಂ ಇರಬೇಕಾದಲ್ಲಿ ಒಂಬತ್ತನೆಯದನ್ನು, ಒಂಬತ್ತರ ಜಾಗದಲ್ಲಿ ಆರನ್ನು ಇಟ್ಟು ಹೊಲಿದಿದ್ದಾರೆ. ಬೆನ್ನಿನಲ್ಲಿ ನೀಲಿ ದಾರ. ಹಳೆಯದನ್ನು ಬಿಚ್ಚಿ ಮತ್ತೆ ಕಟ್ಟಿದ್ದು ಕಳೆದ ಆಗಸ್ಟ್ 16ಕ್ಕೆ ಅಂತ ಒಳರಟ್ಟಿನ ಚೀಟಿಯಲ್ಲಿದೆ.

ಮಾರನೆಯ ದಿನ ಎಂದಿನಂತೆ ಏಪ್ರನ್ ಕಟ್ಟಿಕೊಂಡು ಒಳಗೆ ಹೋದರೆ ಎಲ್ಲರೂ ಗೋಡೆಯ ಮುಂದೆ ನಿಂತಿದ್ದಾರೆ. ಯಾರದೋ ಬಡ್ತಿ ಇರಬೇಕು ಅಂತ ನಾನೂ ಕತ್ತು ಚಾಚಿ ಓದಿದೆ. ನನ್ನದೇ ಆದೇಶ. ನನ್ನ ಕೈಗೆ ಕೊಟ್ಟಿರಲಿಲ್ಲ. ನಿರ್ದೇಶಕರ ಮುಖ ಕೂಡ ನಾನು ಹತ್ತಿರದಿಂದ ನೋಡಿರಲಿಲ್ಲ.

ಲೇಬಲ್ ಅಂಟಿಸುವುದೇನೂ ಅವಮಾನದ ಕೆಲಸವಲ್ಲ. ಒಂದು ಮಾತು ಕೇಳಲಿಲ್ಲವಲ್ಲ ಪುಟ್ಟಾ. ಇಪ್ಪತ್ತೊಂದು ವರ್ಷ ನಮ್ಮ ಕಚೇರಿ, ನಮ್ಮ ಕಚೇರಿ ಅಂತ ಬಾಯಿ ತುಂಬ ಹೇಳಿಕೊಂಡು ಓಡಾಡಿದೆ. ಅವರ ಲೆಕ್ಕದಲ್ಲಿ ನಾನು ಒಂದು ದಾರದ ಬಣ್ಣ.

ಈ ವರ್ಷ ಸ್ವಯಂ ನಿವೃತ್ತಿಗೆ ಅರ್ಜಿ ಕೊಡಬಹುದು, ಮಾರ್ಚ್ 31 ಕೊನೆಯ ದಿನ. ಒಂದು ಅರ್ಜಿ ತಂದು ಬ್ಯಾಗಿನಲ್ಲಿಟ್ಟುಕೊಂಡಿದ್ದೇನೆ. ಇನ್ನೂ ತುಂಬಿಲ್ಲ. ಯೋಚನೆ ಮಾಡುತ್ತಿದ್ದೇನೆ.

ಅಕ್ಕ


ಮಾರ್ಚ್ 4

ಅಕ್ಕಾ,

ಓದಿ ಮೈ ಉರಿದುಹೋಯಿತು. ಅದಕ್ಕಿಂತ ಹೆಚ್ಚಾಗಿ ನಿನ್ನ ಮೇಲೆ ಸಿಟ್ಟು ಬಂತು. ಆಗಸ್ಟ್ 16 ಅಂತ ನೀನೇ ಬರೆದಿದ್ದೀಯ. ಆಗಸ್ಟ್ 16ಕ್ಕೆ ನೀನು ಎಲ್ಲಿದ್ದೆ? ನನ್ನ ಮನೆಯಲ್ಲಿ! ಆರು ದಿನದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, "ಇದಕ್ಕೆ ನಿನ್ನ ಮೂಗು ಬಂದಿಲ್ಲ, ದೇವರು ದೊಡ್ಡವನು" ಅಂತ ನನ್ನನ್ನು ಆಡಿಕೊಳ್ಳುತ್ತಾ ಇದ್ದೆ. ಇಡೀ ತಿಂಗಳು ನೀನು ಕಚೇರಿಯ ಕಡೆ ಕಾಲಿಟ್ಟಿಲ್ಲ. ಹಾಜರಿ ಪುಸ್ತಕ ತೆಗೆದು ನೋಡಿದ್ದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಅವರು ನೋಡಲಿಲ್ಲ ಸರಿ, ನೀನು ಯಾಕೆ ಬಾಯಿಗೆ ಬೀಗ ಹಾಕಿಕೊಂಡಿದ್ದೀಯ?

ಅವರಿಗೆ ಬೇಡವಾದ ಮೇಲೆ ನಿನಗ್ಯಾಕೆ? ಆ ಅರ್ಜಿ ತುಂಬಿ ಅವರ ಮುಖಕ್ಕೆ ಎಸೆದು ಇಲ್ಲಿಗೆ ಬಂದುಬಿಡು. ಮಹಡಿಯ ಕೋಣೆ ಖಾಲಿ ಇದೆ. ಕೂಸಿಗೆ ಅತ್ತೆ ಸಿಗುತ್ತಾಳೆ. ಇವಳೂ ಇದನ್ನೇ ಹೇಳುತ್ತಿದ್ದಾಳೆ.

ಡ್ರೈವರ್ ವಿಷಯ ಬೇರೆ ಅಕ್ಕಾ. ಅಲ್ಲಿ ದೂರುಗಳಿವೆ, ನಿಮಿಷಗಳ ಲೆಕ್ಕ ಇದೆ. ಎರಡನ್ನೂ ಒಂದೇ ಅಂತ ನೋಡಬೇಡ.

ಪುಟ್ಟ


ಮಾರ್ಚ್ 13

ಪುಟ್ಟಾ,

ಇದನ್ನು ನಿಧಾನವಾಗಿ ಓದು, ನಿನ್ನ ಹೆಂಡತಿಗೂ ಓದಿ ಹೇಳಬೇಡ.

ನಾನು ರಜೆಗೆ ಹೊರಟ ದಿನ ಆ ರಿಜಿಸ್ಟರು ಅರ್ಧ ಹೊಲಿದಾಗಿತ್ತು. ನಮ್ಮಲ್ಲಿ ಒಂದು ಕಟ್ಟಳೆ ಇದೆ. ಯಾರಾದರೂ ಶುರು ಮಾಡಿ ಬಿಟ್ಟದ್ದನ್ನು ಇನ್ನೊಬ್ಬರು ಮುಗಿಸಿದರೆ, ಶುರು ಮಾಡಿದವರ ದಾರದಲ್ಲೇ ಮುಗಿಸಬೇಕು. ಒಂದು ಬೆನ್ನಿಗೆ ಎರಡು ಬಣ್ಣ ಕೂಡದು. ಎಲ್ಲೂ ಬರೆದಿಟ್ಟದ್ದಲ್ಲ, ಕೈಯಿಂದ ಕೈಗೆ ಬಂದದ್ದು. ಹೊಸ ನಿರ್ದೇಶಕರಿಗೆ ಹೇಗೆ ಗೊತ್ತಾಗಬೇಕು? ಅದನ್ನು ಮುಗಿಸಿದವರು ಮೇಷ್ಟ್ರು.

ಮೇಷ್ಟ್ರ ಕಣ್ಣು ಹೋಗಿ ಎರಡು ವರ್ಷವಾಯಿತು. ಪೂರ್ತಿ ಅಲ್ಲ. ಆದರೆ ಆರು, ಒಂಬತ್ತು ಅವರಿಗೆ ಒಂದೇ ಥರ ಕಾಣುತ್ತದೆ. ನಾನು ಪಕ್ಕದಲ್ಲಿ ಕೂತು ಒಂದೊಂದು ಫಾರಂ ಕೈಗೆ ಕೊಡುವಾಗ ನಂಬರ್ ಹೇಳಿ ಕೊಡುತ್ತಿದ್ದೆ. ಯಾರಿಗೂ ಗೊತ್ತಿಲ್ಲ. ಆ ತಿಂಗಳು ನಾನಿರಲಿಲ್ಲ. ಅವರ ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಈಗ ಹೇಳಿದರೆ ಮುಗಿಯಿತು, ಕಣ್ಣಿಲ್ಲದವರು ಎರಡು ವರ್ಷದಲ್ಲಿ ಇನ್ನೆಷ್ಟು ಕೆಡಿಸಿದ್ದಾರೋ ಅಂತ ಕಪಾಟಿನಲ್ಲಿರುವುದನ್ನೆಲ್ಲ ಕೆಳಗಿಳಿಸಿ ಅವರ ಮರ್ಯಾದೆ ತೆಗೆಯುತ್ತಾರೆ.

ಅವರೂ ಬಾಯಿ ಬಿಟ್ಟಿಲ್ಲ. ದಿನಾ ಮಧ್ಯಾಹ್ನ ಒಂದು ಲೋಟ ಚಹಾ ತಂದು ನನ್ನ ಮೇಜಿನ ಮೇಲೆ ಇಟ್ಟು ಹೋಗುತ್ತಾರೆ, ಮುಖ ನೋಡುವುದಿಲ್ಲ. ಅದೂ ಸ್ವಲ್ಪ ನೋವೇ. ಸುಳ್ಳು ಯಾಕೆ ಹೇಳಲಿ.

ಇನ್ನೊಂದು ಮಾತು ಹೇಳುತ್ತೇನೆ, ನಗಬೇಡ. ನಿರ್ದೇಶಕರು ಕರೆದು, "ಏನಮ್ಮಾ, ಇದು ಹೇಗಾಯ್ತು?" ಅಂತ ಕೇಳಿದ್ದರೆ, "ನನ್ನಿಂದಲೇ ಆಯ್ತು ಸರ್, ನೋಡಿಕೊಳ್ತೀನಿ" ಅಂದುಬಿಡುತ್ತಿದ್ದೆ. ತಪ್ಪನ್ನು ಮೈಮೇಲೆ ಹಾಕಿಕೊಂಡು, ನಗುನಗುತ್ತಾ ಲೇಬಲ್ ಅಂಟಿಸುತ್ತಿದ್ದೆ. ಕೇಳಿದ್ದರೆ ಸಾಕಿತ್ತು.

ನೀನು ಬಾ ಅನ್ನುತ್ತೀಯ. ಬಂದರೆ ನಿನ್ನ ಮನೆಯ ಮಹಡಿಯಲ್ಲಿ ನಾನೇನು ಮಾಡಲಿ? ಅಂಟಿನ ವಾಸನೆ ಇಲ್ಲದೆ ನನಗೆ ಬೆಳಗಾಗುವುದಿಲ್ಲ. ಯಾರೋ ಎಂದೋ ಹುಟ್ಟಿದ್ದು, ಯಾರೋ ಮದುವೆಯಾದದ್ದು, ನನ್ನ ಬೆರಳಿನ ಕೆಳಗೆ ಬಂದು ಗಟ್ಟಿಯಾಗಿ ನಿಲ್ಲುತ್ತದಲ್ಲ, ಅದು ನನಗೆ ಇಷ್ಟ. ಬಹಳ ಇಷ್ಟ. ಅದಕ್ಕೇ ಇಷ್ಟು ನೋಯುತ್ತಿರುವುದು. ಬಿಡಬೇಕೋ ಇರಬೇಕೋ ನಾನೇ ತೀರ್ಮಾನಿಸುತ್ತೇನೆ. ನೀನು ಮಧ್ಯೆ ಮೂಗು ತೂರಿಸಬೇಡ.

ಅಕ್ಕ


ಮಾರ್ಚ್ 20

ಅಕ್ಕಾ,

ಬೈದರೂ ಪರವಾಗಿಲ್ಲ. ನಿಮ್ಮ ನಿರ್ದೇಶಕರಿಗೆ ನಾನು ಕಾಗದ ಬರೆದಿದ್ದೇನೆ. ನಿನ್ನ ರೈಲು ಟಿಕೆಟ್ಟು ನಮ್ಮ ಡ್ರಾಯರಿನಲ್ಲೇ ಇತ್ತು, ಕೂಸಿನ ಆಸ್ಪತ್ರೆ ಚೀಟಿಯಲ್ಲಿ ಜೊತೆಗಿದ್ದವರು ಅಂತ ನಿನ್ನ ಸಹಿ ಇದೆ. ಎರಡರ ಪ್ರತಿಯನ್ನೂ ಲಗತ್ತಿಸಿದ್ದೇನೆ. ಮೇಷ್ಟ್ರ ಹೆಸರು ಬರೆದಿಲ್ಲ. 'ಬೇರೆ ಯಾರೋ ಮುಗಿಸಿರಬೇಕು' ಅಂತ ಮಾತ್ರ ಬರೆದೆ.

ನೀನು ಸುಮ್ಮನಿದ್ದರೂ ನನ್ನ ಕೈಲಿ ಸುಮ್ಮನಿರಲು ಆಗುವುದಿಲ್ಲ. ನಿನಗೆ ಒಳ್ಳೆಯದಾಗಲಿ ಅಂತಲೇ ಮಾಡಿದ್ದು.

ಪುಟ್ಟ


ಮಾರ್ಚ್ 27

ನಿರ್ದೇಶಕರು ನಿನ್ನ ಕಾಗದ ಓದಿದರು. ಆ ದಿನ ಹೊಲಿಗೆಯಲ್ಲಿ ಕೂತವರು ಯಾರು ಅಂತ ಹಾಜರಿ ಪುಸ್ತಕ ನೋಡಿದರು. ಮೇಷ್ಟ್ರು ಒಬ್ಬರೇ. ಸೋಮವಾರ ಗೋಡೆಯ ಮೇಲೆ ಎರಡು ಆದೇಶ. ನನಗೆ ಹೊಲಿಗೆ ಮೇಜು ವಾಪಸ್ಸು. ಮೇಷ್ಟ್ರಿಗೆ ಲೇಬಲ್ ಮೇಜು.

ಅವರನ್ನೂ ಯಾರೂ ಕೇಳಲಿಲ್ಲ. ಗೋಡೆಗೆ ಅಂಟಿಸಿದ್ದು ಏನು ಅಂತ ಅವರಿಗೆ ಓದಲು ಆಗದೆ, ನನ್ನನ್ನೇ ಕರೆದು ಓದಿಸಿಕೊಂಡರು.

ನನ್ನನ್ನು ನಿರ್ದೇಶಕರು ಕೇಳಲಿಲ್ಲ. ನೀನೂ ಕೇಳಲಿಲ್ಲ.

ಅರ್ಜಿಗೆ ಸಹಿ ಹಾಕಿದ್ದೇನೆ. 31ಕ್ಕೆ ಕೊಡುತ್ತೇನೆ.


ಏಪ್ರಿಲ್ 5

ಅಕ್ಕಾ,

ಫೋನ್ ಎತ್ತುತ್ತಿಲ್ಲ. ಎತ್ತು ಅಂತ ಹೇಳುವ ಮುಖ ನನಗಿಲ್ಲ.

ಅರ್ಜಿ ಕೊಟ್ಟೆಯೋ ಇಲ್ಲವೋ ಅಷ್ಟು ತಿಳಿಸು. ತಪ್ಪಾಯಿತು. ಕೂಸಿಗೆ ಎರಡು ಹಲ್ಲು ಬಂದಿದೆ. ಇಷ್ಟು ಬರೆಯಲು ಒಂದು ವಾರ ಹಿಡಿಯಿತು.

ಪುಟ್ಟ


ಏಪ್ರಿಲ್ 21

ಅಕ್ಕಾ,

ಉತ್ತರ ಬರಲಿಲ್ಲ. ಬರದಿದ್ದರೂ ಇದನ್ನು ನಿನಗೇ ಹೇಳಬೇಕು, ಬೇರೆ ಯಾರಿಗೂ ಹೇಳಲು ಆಗುವುದಿಲ್ಲ.

'ನೀನೂ ಕೇಳಲಿಲ್ಲ' ಅಂತ ನೀನು ಬರೆದದ್ದು ತಲೆಯೊಳಗೆ ಕೂತುಬಿಟ್ಟಿತು. ಕಳೆದ ವಾರ ಶೆಡ್ಡಿಗೆ ಹೋದೆ. ಆ 'ಗಡಿಯಾರ' ಡ್ರೈವರು ಒಂದು ಬಸ್ಸನ್ನು ಹಿಂದಕ್ಕೆ ತೆಗೆದು ನಿಲ್ಲಿಸಿ ಇಳಿದರು. ಐವತ್ತು ದಾಟಿದವರು, ನನ್ನನ್ನು ನೋಡಿ ಟೋಪಿ ಸರಿ ಮಾಡಿಕೊಂಡರು. "ಜನವರಿಯಲ್ಲಿ ಯಾಕೆ ತಡ ಆಗ್ತಿತ್ತು?" ಅಂತ ಕೇಳಿದೆ.

"ಬರ್ದಿದ್ನಲ್ಲ ಸಾರ್."

"ಎಲ್ಲಿ?"

"ಟ್ರಿಪ್ ಶೀಟ್‌ನಾಗೆ. ಷರಾ ಅಂತ ಖಾನೆ ಇರುತ್ತಲ್ಲ, ಅದರಾಗೆ."

ಕಚೇರಿಗೆ ಬಂದು ಕಟ್ಟು ಬಿಚ್ಚಿಸಿದೆ. ದಿನಾ ಬಸ್ಸು ಒಳಗೆ ಬಂದಾಗ ಡ್ರೈವರ್ ಕೊಡುವ ಹಾಳೆ ಅದು. ಕೊನೆಯಲ್ಲಿ ಷರಾ ಖಾನೆ. ಎಲ್ಲರೂ ಅಲ್ಲಿ ಒಂದು ಗೆರೆ ಎಳೆದು ಬಿಡುತ್ತಾರೆ, ಯಾರೂ ಓದುವುದಿಲ್ಲ. ಯಾರಾದರೂ ಓದುತ್ತಾರೆ ಅಂತ ಇವರು ನಂಬಿದ್ದರು. ಜನವರಿ 9ರಿಂದ ದಿನಾ ಬರೆದಿದ್ದಾರೆ. 'ಮಾರ್ಕೆಟ್ ಹೊಸ ಸ್ಟಾಪಿಗೆ ನಾಲ್ಕು ನಿಮಿಷ ಬೇಕು. ವೇಳಾಪಟ್ಟಿಯಲ್ಲಿ ಸೇರಿಲ್ಲ.' ಇಪ್ಪತ್ತಾರು ಹಾಳೆ. ಕೊನೆಯ ಎರಡರಲ್ಲಿ 'ದಯವಿಟ್ಟು ನೋಡಿ' ಅಂತ ಇತ್ತು. ಸ್ಟಾಪು ಮಾಡಿಸಿದವನು ನಾನು. ವೇಳಾಪಟ್ಟಿ ಬರೆದವನೂ ನಾನು. ನಿಮಿಷ ಸೇರಿಸಲು ಮರೆತವನೂ ನಾನೇ. ನಿನಗೆ ಎಷ್ಟು ಜಂಬ ಕೊಚ್ಚಿಕೊಂಡು ಬರೆದಿದ್ದೆ!

ಹಳೆಯ ಹಾಳೆಗಳನ್ನೂ ನೋಡಿದೆ, ಬಿಡಲಾಗಲಿಲ್ಲ. 'ಎಡಗಡೆ ಮೂರನೇ ಸೀಟು ಅಲ್ಲಾಡುತ್ತದೆ.' 'ಶಾಲೆ ಮುಂದಿನ ಗುಂಡಿ ದೊಡ್ಡದಾಗಿದೆ, ಪುರಸಭೆಗೆ ತಿಳಿಸಬೇಕು.' 'ಕೋಲು ಹಿಡಿದ ಅಜ್ಜಿ ಎರಡು ದಿನದಿಂದ ಬಂದಿಲ್ಲ.' ಹದಿನೇಳು ವರ್ಷ ಹೀಗೆ.

ಮಾರನೆಯ ದಿನ ಎಲ್ಲ ಡ್ರೈವರುಗಳ ಮುಂದೆ ನಿಂತು, ತಪ್ಪು ನನ್ನದು, ಅವರನ್ನು ಕೇಳದೆ ಶಿಕ್ಷೆ ಕೊಟ್ಟೆ ಅಂತ ಹೇಳಿದೆ. ವೇಳಾಪಟ್ಟಿಗೆ ನಾಲ್ಕು ನಿಮಿಷ ಸೇರಿಸಿದೆ. ಆರನೇ ನಂಬರ್ ಅವರಿಗೇ ವಾಪಸ್ಸು ಕೊಟ್ಟೆ. "ಆಯ್ತು ಸಾರ್" ಅಂದರು, ಅಷ್ಟೇ. ಈಗ ಬಸ್ಸು ಸರಿಯಾದ ಸಮಯಕ್ಕೆ ಬರುತ್ತದೆ, ಒಂದು ನಿಮಿಷ ಆಚೆ ಈಚೆ ಇಲ್ಲ. ದಿನಾ ಸಂಜೆ ನಾನೇ ಅವರ ಹಾಳೆ ತೆಗೆದು ನೋಡುತ್ತೇನೆ. ಷರಾ ಖಾನೆಯಲ್ಲಿ ಒಂದು ಗೆರೆ. ನಿನ್ನೆಯೂ ಗೆರೆ, ಇವತ್ತೂ ಗೆರೆ.

ಇನ್ನೇನು ಮಾಡಬೇಕು ಅಕ್ಕಾ? ಮತ್ತೆ ಇನ್ನೊಂದು. ಮುಂದಿನ ತಿಂಗಳು ಎರಡು ದಿನ ರಜೆ ಇದೆ. ನಾನು ಅಲ್ಲಿಗೆ ಬರಲಾ? ಬೇಡ ಅಂದರೆ ಬರುವುದಿಲ್ಲ.

ಪುಟ್ಟ


ಮೇ 12

ಪುಟ್ಟಾ,

ನಿನ್ನ ಎರಡೂ ಕಾಗದ ಬಂದಿತ್ತು. ಉತ್ತರ ಬರೆಯಲಿಲ್ಲ, ಯಾಕೆಂದರೆ ಏನು ಬರೆಯಬೇಕು ಅಂತ ನನಗೇ ತಿಳಿದಿರಲಿಲ್ಲ. ನಿನ್ನನ್ನು ಸ್ವಲ್ಪ ಒದ್ದಾಡಿಸಬೇಕು ಅಂತಲೂ ಇತ್ತು. ಅದನ್ನೂ ಒಪ್ಪಿಕೊಳ್ಳುತ್ತೇನೆ.

ಮಾರ್ಚ್ 31ಕ್ಕೆ ಅರ್ಜಿ ಹಿಡಿದು ನಿರ್ದೇಶಕರ ಕೋಣೆಗೆ ಹೋದೆ. ಹೊರಗಿನ ಗುಮಾಸ್ತರ ಕೈಗೆ ಕೊಟ್ಟು ಬರಬಹುದಿತ್ತು. ಒಂದು ಸಲ ಮುಖ ನೋಡಿಯೇ ಹೋಗೋಣ ಅನ್ನಿಸಿತು. ಅವರು ಅರ್ಜಿ ತೆಗೆದುಕೊಂಡು, ಪೆನ್ನು ಎತ್ತಿ, ನಿಲ್ಲಿಸಿದರು. "ನಿಮ್ಮ ಮೇಜು ವಾಪಸ್ ಕೊಟ್ಟಿದ್ದೀನಲ್ಲ. ಮತ್ತೆ ಯಾಕೆ ಹೋಗ್ತೀರಿ?" ಅಂದರು. ಅವರು ಬಂದ ನಾಲ್ಕು ತಿಂಗಳಲ್ಲಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ.

ಬಾಯಿ ಬಿಟ್ಟೆ ನೋಡು. ಏನೇನು ಹೇಳಿದೆನೋ. ಗೋಡೆಯ ಮುಂದೆ ಕತ್ತು ಚಾಚಿ ನಿಂತದ್ದು, ದಾರದ ಕಟ್ಟಳೆ, ಎಲ್ಲ. "ನಿಮ್ಮ ನಿಯಮ ಸರಿ ಸರ್, ಆದರೆ ಎರಡು ಸಲವೂ ನೀವು ಪುಸ್ತಕವನ್ನ ಕೇಳಿದ್ರಿ, ಕಟ್ಟಿದವರನ್ನ ಕೇಳ್ಲಿಲ್ಲ" ಅಂದೆ. ಕಣ್ಣಲ್ಲಿ ನೀರು ಬಂತು. ಎಷ್ಟು ನಾಚಿಕೆಯಾಯಿತೋ. ಅವರು ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಮುಗಿದ ಮೇಲೆ ಮೇಷ್ಟ್ರನ್ನು ಕರೆಸಿದರು, ತಾವೇ ಎದ್ದು ಕುರ್ಚಿ ಎಳೆದು ಕೂರಿಸಿ, "ಏನಾಯ್ತು ಹೇಳಿ" ಅಂದರು.

ಮೇಷ್ಟ್ರು ಹೇಳಿಬಿಟ್ಟರು. "ಕಣ್ಣು ಕಾಣಲ್ಲ ಸ್ವಾಮಿ, ಹೇಳೋಕೆ ಹೆದರಿದೆ. ಈ ಹುಡುಗಿ ನನ್ನ ತಪ್ಪು ಹೊತ್ಕೊಂಡು ಕೂತಿದ್ಲು, ನಾನು ಚಹಾ ತಂದಿಟ್ಟೆ, ಅಷ್ಟೇ ನನ್ನ ಯೋಗ್ಯತೆ" ಅಂತ ಬಿಕ್ಕಿಬಿಕ್ಕಿ ಅತ್ತರು. ನಲವತ್ತೇಳು ವರ್ಷದ ನಾನು ಇನ್ನೂ ಹುಡುಗಿ ಅವರಿಗೆ. ಆಮೇಲೆ ಅವರ ಮುಖ ನೋಡಬೇಕಿತ್ತು, ಹೊರೆ ಇಳಿಸಿದವರ ಹಾಗೆ. ಹಳೆಯ ರಿಜಿಸ್ಟರುಗಳನ್ನು ನಾವಿಬ್ಬರೂ ಕೂತು ಪರೀಕ್ಷಿಸುವುದು ಅಂತಾಯಿತು. ನಾನು ನಂಬರ್ ಓದುತ್ತೇನೆ, ಅವರು ಹೊಲಿಗೆ ಮುಟ್ಟಿ ನೋಡುತ್ತಾರೆ. ಇದುವರೆಗೆ ಇನ್ನೂ ಎರಡು ತಪ್ಪು ಸಿಕ್ಕಿವೆ, ಬಿಚ್ಚಿ ಸರಿ ಮಾಡಿದೆವು. ಅರ್ಜಿಯನ್ನು ವಾಪಸ್ಸು ತಂದೆ. ಆ ದಿನದ ಮಟ್ಟಿಗೆ ಅಂತಲೇ ತಂದದ್ದು, ಕೊನೆಯ ದಿನ ಕಳೆದುಹೋಯಿತು.

ಆದರೆ ನೀನು ಕೇಳಿದ್ದೀಯ, ಇನ್ನೇನು ಮಾಡಬೇಕು ಅಂತ. ನನ್ನ ವಿಷಯ ಹೇಳುತ್ತೇನೆ, ನಿನ್ನ ಡ್ರೈವರ್ ವಿಷಯ ನೀನೇ ತಿಳಿದುಕೋ. ಮೇಜು ಸಿಕ್ಕಿತು, ಮಾತು ಸಿಕ್ಕಿತು. ಆದರೂ ಮೊದಲಿನ ಹಾಗಾಗಲಿಲ್ಲ. ಏಪ್ರಿಲ್ ಪೂರ್ತಿ ಐದರ ಗಂಟೆ ಹೊಡೆದ ಕೂಡಲೇ, ಸೂಜಿ ಅರ್ಧ ಒಳಗಿದ್ದರೂ ಬಿಟ್ಟು ಎದ್ದುಬಿಡುತ್ತಿದ್ದೆ. ಕೆಲಸ ತಪ್ಪಿಲ್ಲ, ಮನಸ್ಸಿಲ್ಲ. ಯಾರಾದರೂ 'ನಮ್ಮ ಕಚೇರಿ' ಅಂದರೆ ಮುಖ ತಿರುಗಿಸುತ್ತಿದ್ದೆ. ನಾನೇ ಬೇಕೆಂದು ಮಾಡಿದ್ದಲ್ಲ ಪುಟ್ಟಾ, ಒಳಗೆ ಏನೋ ಬಾಗಿಲು ಹಾಕಿಕೊಂಡಿತ್ತು. ತಪ್ಪೊಪ್ಪಿಕೊಂಡ ಮಾರನೆಯ ದಿನವೇ ತೆರೆಯಬೇಕು ಅಂದರೆ ಹೇಗೆ? ನೀನು ಆ ಖಾನೆ ನೋಡುತ್ತಾ ಇರು. ನೋಡುತ್ತಿದ್ದೀಯ ಅಂತ ಅವರಿಗೆ ಗೊತ್ತಾಗಲಿ. ಅವಸರ ಮಾಡಬೇಡ, ಬರೆಯಿರಿ ಅಂತ ಆಜ್ಞೆ ಮಾಡಬೇಡ.

ಬರಲಾ ಅಂತ ಕೇಳಿದ್ದೀಯ. ಬಾ. ಕೂಸನ್ನೂ ಕರೆದುಕೊಂಡು ಬಾ. ಸಿಟ್ಟು ಇನ್ನೂ ಸ್ವಲ್ಪ ಇದೆ, ಬಂದಾಗ ಎದುರಿಗೇ ಬೈಯುತ್ತೇನೆ.

ನಿನ್ನೆ ಒಂದು ಹಳೆಯ ಮದುವೆ ರಿಜಿಸ್ಟರು ಕೈಗೆ ಬಂದಿತ್ತು. ಹುಳ ತಿಂದು ಜಾಳಾಗಿತ್ತು. ಒಂದೊಂದೇ ಫಾರಂ ಬಿಡಿಸಿ, ತೇಪೆ ಹಾಕಿ, ಹೊಲಿಯುತ್ತಾ ಕೂತೆ. ಯಾವುದೋ ಜೋಡಿಯ ಸಹಿ, ಹುಡುಗಿಯ ಕೈ ನಡುಗಿ ಶಾಯಿ ಚೆಲ್ಲಿದೆ, ಅದನ್ನೇ ನೋಡುತ್ತಾ ಇದ್ದುಬಿಟ್ಟೆ. ತಲೆ ಎತ್ತಿದರೆ ಯಾರೂ ಇಲ್ಲ. ಎಲ್ಲರ ಏಪ್ರನ್ನು ಮೊಳೆಗೆ ನೇತಾಡುತ್ತಿದೆ. ಐದರ ಗಂಟೆ ಯಾವಾಗ ಹೊಡೆಯಿತೋ, ನನಗೆ ಕೇಳಿಸಲೇ ಇಲ್ಲ. ಕಾವಲಿನವರು ಬೀಗ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಅಮ್ಮಾ, ಬಾಗಿಲು ಹಾಕಲಾ?"

"ತಡೀರಿ," ಅಂದೆ, "ಇನ್ನೊಂದು ಹೊಲಿಗೆ ಇದೆ."

ನಿನ್ನ ಅಕ್ಕ